ಉಳಿದ ನಿಮಿಷ ಯಾರ ಪಾಲಿಗೆ? ಲೀನ್ ಪದ್ಧತಿ ಮತ್ತು ಕಾರ್ಮಿಕ ಸಂಘದ ಲೆಕ್ಕ

ಹೋದ ವಾರ ಯಾದಗಿರಿ ಕಡೆಯಿಂದ ಅಣ್ಣನ ಮಗ ಫೋನ್ ಮಾಡಿದ್ದ. ಕಡೇಚೂರು ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಅವನಿಗೆ ಪ್ಯಾಕಿಂಗ್ ಕೆಲಸ. ದನಿಯಲ್ಲಿ ಗಾಬರಿ ಇತ್ತು. "ಕಾಕಾ, ನಮ್ ಕಂಪನ್ಯಾಗ ಗ್ವಾಡಿಗಿ ದೊಡ್ಡ ಬೋರ್ಡ್ ಹಾಕ್ಯಾರ. ಲೀನ್ ಅಂತ ಬರದಾರ. ಅಂದ್ರ ಮಂದಿ ತೆಗೀತಾರೇನು? ಯೂನಿಯನ್‌ದವ್ರು ಮೀಟಿಂಗ್ ಕರದಾರ. ಹೋಗ್ಲೇನು?"

ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನು, ಹೇಳದೆ ಉಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ಅವನೊಬ್ಬನದಲ್ಲ. ಸಣ್ಣ ಕಾರ್ಖಾನೆಗಳಿಗೆ ಲೀನ್ ಪದ್ಧತಿ, ಅಂದರೆ ಬೇಡದ ಕೆಲಸ, ಕಾಯುವಿಕೆ ತೆಗೆದು ಮಾಲು ತಯಾರಿಸುವ ರೀತಿ, ಕಲಿಸಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಒಂದು ಯೋಜನೆಯನ್ನು ಹೊಸದಾಗಿ ತಂದಿತು. ಸಲಹೆಗಾರರಿಗೆ ಕೊಡುವ ಖರ್ಚಿನಲ್ಲಿ ಶೇಕಡ 90ರಷ್ಟನ್ನು ಸರ್ಕಾರವೇ ಭರಿಸುತ್ತದೆ. ಅದೇ ತಿಂಗಳು ದೇಶದ ಏಳು ದೊಡ್ಡ ಜವಳಿ ಪಾರ್ಕ್‌ಗಳ ಪಟ್ಟಿ ಬಂತು, ಅದರಲ್ಲಿ ಕಲಬುರಗಿಯ ಹೆಸರೂ ಇತ್ತು. ಇನ್ನು 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಾಗಾಗಿ ಕೆಲಸ ಮಾಡುವ ರೀತಿ, ಕೆಲಸದ ಕಾನೂನು ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬದಲಾಗುತ್ತಿವೆ.

## ರೊಟ್ಟಿಯಿಂದ ಶುರು ಮಾಡೋಣ

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ನಮ್ಮ ಕಡೆಯ ಅಡುಗೆಮನೆ ಹೇಗಿರುತ್ತದೆ ನೆನಪು ಮಾಡಿಕೊಳ್ಳಿ. ಹೊಲಕ್ಕೆ ಬುತ್ತಿ ಕಟ್ಟಬೇಕು, ನೂರಾರು ರೊಟ್ಟಿ ಬೇಕು. ಅವ್ವ ಎಸರು ಹಾಕಿ ಹಿಟ್ಟು ನಾದುತ್ತಾಳೆ. ಚಿಗವ್ವ ಬಡಿಯುತ್ತಾಳೆ. ವೈನಿ ಹಂಚಿನ ಮುಂದೆ ಕೂತು ಬೇಯಿಸುತ್ತಾಳೆ.

ಅವ್ವ ಹುರುಪಿನಲ್ಲಿ ಒಂದೇ ಸಲ ಬುಟ್ಟಿ ತುಂಬ ಹಿಟ್ಟು ನಾದಿಟ್ಟರೆ ಏನಾಗುತ್ತದೆ? ಜೋಳದ ಹಿಟ್ಟು ಆರಿದಂತೆ ಜಿಗುಟು ಹೋಗುತ್ತದೆ. ಬಡಿಯುವಾಗ ಅಂಚು ಸೀಳುತ್ತದೆ. ಚಿಗವ್ವ ಜೋರಾಗಿ ಬಡಿದು ಹತ್ತು ರೊಟ್ಟಿ ಮುಂದಿಟ್ಟರೂ ಹಂಚಿನ ಮೇಲೆ ಜಾಗ ಒಂದಕ್ಕೇ. ಉಳಿದ ಒಂಬತ್ತು ಕಾಯುತ್ತಾ ಒಣಗುತ್ತವೆ. ಮೂವರೂ ಬೆವರು ಸುರಿಸಿದರು, ಆದರೆ ರೊಟ್ಟಿ ಹೆಚ್ಚಾಗಲಿಲ್ಲ. ಒಡೆದ ರೊಟ್ಟಿ ಹೆಚ್ಚಾದವು, ಅಷ್ಟೇ.

ನುರಿತ ಹೆಂಗಸರು ಹಾಗೆ ಮಾಡುವುದಿಲ್ಲ. ಹಂಚು ಖಾಲಿ ಆದಾಗ ಮಾತ್ರ ಮುಂದಿನ ರೊಟ್ಟಿ ಬರುತ್ತದೆ. ಅದು ಹಂಚಿಗೆ ಬಿದ್ದಾಗ ಮುಂದಿನ ಉಂಡೆ ಕಲ್ಲಿನ ಮೇಲೆ ಬರುತ್ತದೆ. ನೀರಿನ ಬಟ್ಟಲು, ಒದ್ದೆ ಬಟ್ಟೆ, ಒಣ ಹಿಟ್ಟು ಎಲ್ಲ ಕೈಗೆ ಸಿಗುವಷ್ಟು ಹತ್ತಿರ ಇರುತ್ತವೆ. ಎದ್ದು ಓಡಾಡುವುದಿಲ್ಲ. ಬೆಂಕಿ ಜಾಸ್ತಿ ಆಯಿತು ಎಂದು ವೈನಿ ಕೂಗಿದರೆ ಬಡಿಯುವ ಕೈ ನಿಲ್ಲುತ್ತದೆ.

ಲೀನ್ ಪದ್ಧತಿಯ ಮೂಲ ವಿಚಾರ ಇಷ್ಟೇ. ಲೀನ್ ಎಂದರೆ ತೆಳ್ಳಗೆ, ಬೇಡದ ಕೊಬ್ಬು ಇಲ್ಲದ್ದು ಎಂದರ್ಥ. ಕೊಳ್ಳುವವನಿಗೆ ಉಪಯೋಗವಾಗದ ಪ್ರತಿ ಹೆಜ್ಜೆ, ಪ್ರತಿ ಕಾಯುವಿಕೆ, ಪ್ರತಿ ದಾಸ್ತಾನು ನಷ್ಟ. ಅದನ್ನು ಹುಡುಕಿ ತೆಗೆಯುವುದೇ ಈ ಪದ್ಧತಿಯ ಕೆಲಸ.

ಆದರೆ ಅಡುಗೆಮನೆಗೂ ಕಾರ್ಖಾನೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮನೆಯಲ್ಲಿ ಕೆಲಸ ಬೇಗ ಮುಗಿದರೆ ಮೂವರೂ ಕೂತು ಚಹಾ ಕುಡಿಯುತ್ತಾರೆ. ಉಳಿದ ಸಮಯ ಅವರದ್ದೇ. ಕಾರ್ಖಾನೆಯಲ್ಲಿ ಉಳಿದ ಸಮಯ ಯಾರ ಪಾಲಿಗೆ ಹೋಗುತ್ತದೆ? ಲೀನ್ ಮತ್ತು ಕಾರ್ಮಿಕ ಸಂಘದ ನಡುವೆ ಜಗತ್ತಿನ ಎಲ್ಲ ಕಡೆ ನಡೆದ ಜಗಳ, ಮಾತುಕತೆ, ಒಪ್ಪಂದ ಎಲ್ಲವೂ ಈ ಪ್ರಶ್ನೆಯ ಸುತ್ತಲೇ ಇವೆ. ಮುಂದೆ ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ.

## ಮಗ್ಗದಿಂದ ಕಾರಿನವರೆಗೆ

ಕಥೆ ಜಪಾನಿನ ಒಂದು ಮಗ್ಗದಿಂದ ಶುರುವಾಗುತ್ತದೆ. ಸಾಕಿಚಿ ಟೊಯೊಡಾ ಎಂಬಾತ ಎಳೆ ಹರಿದರೆ ತಾನೇ ನಿಲ್ಲುವ ಮಗ್ಗ ತಯಾರಿಸಿದ. ಅದರ ಪೂರ್ಣ ಸ್ವಯಂಚಾಲಿತ ರೂಪ ಬಂದದ್ದು 1924ರಲ್ಲಿ. ಅದಕ್ಕೆ ಮೊದಲು ಎಳೆ ಹರಿದರೂ ಮಗ್ಗ ಓಡುತ್ತಲೇ ಇರುತ್ತಿತ್ತು, ಬಟ್ಟೆ ಹಾಳಾಗುತ್ತಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ ಪಕ್ಕದಲ್ಲೇ ನಿಲ್ಲಬೇಕಿತ್ತು. ತಪ್ಪು ಕಂಡ ತಕ್ಷಣ ನಿಲ್ಲಿಸು ಎಂಬ ಈ ವಿಚಾರವನ್ನು ಜಪಾನಿಗಳು ಜಿದೋಕಾ ಎನ್ನುತ್ತಾರೆ.

ಅವನ ಮಗ ಕಿಚಿರೊ 1937ರಲ್ಲಿ ಟೊಯೊಟಾ ಕಾರು ಕಂಪನಿ ಕಟ್ಟಿದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಹಣವಿಲ್ಲ, ಗೋದಾಮಿನಲ್ಲಿ ಸಾಮಾನು ಪೇರಿಸಿಡುವ ಶಕ್ತಿಯಿಲ್ಲ. ಆ ಕಷ್ಟದಲ್ಲೇ ತೈಇಚಿ ಓನೊ ಎಂಬ ಎಂಜಿನಿಯರ್ ಬೇಕಾದಾಗ ಬೇಕಾದಷ್ಟನ್ನೇ ತಯಾರಿಸುವ ಪದ್ಧತಿಯನ್ನು ವರ್ಷಗಟ್ಟಲೆ ತಿದ್ದಿ ತೀಡಿ ಕಟ್ಟಿದ. ಅಮೆರಿಕದ ಸೂಪರ್‌ಮಾರ್ಕೆಟ್ ಅವನ ಕಣ್ಣಿಗೆ ಬಿದ್ದಿತ್ತು. ಗಿರಾಕಿ ತೆಗೆದುಕೊಂಡು ಹೋದಷ್ಟನ್ನೇ ಅಂಗಡಿಯವ ಮತ್ತೆ ಜೋಡಿಸಿಡುತ್ತಾನೆ, ಅಲ್ವಾ? ಕಾರ್ಖಾನೆಯಲ್ಲೂ ಹಾಗೇ ಏಕಿರಬಾರದು ಎಂದು ಅವನು ಯೋಚಿಸಿದ.

ಈ ಕಥೆಯ ಇಷ್ಟು ಭಾಗ ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಇನ್ನೊಂದು ಭಾಗ ಅಷ್ಟಾಗಿ ಹೇಳುವುದಿಲ್ಲ. 1950ರಲ್ಲಿ ಟೊಯೊಟಾ ಸಾಲದಲ್ಲಿ ಮುಳುಗಿತ್ತು. ಬಹಳ ಜನರನ್ನು ಕೆಲಸದಿಂದ ತೆಗೆಯಲು ಹೊರಟಿತು. ಸಂಘ ಮುಷ್ಕರ ಹೂಡಿತು. ಕೊನೆಗೆ ಸುಮಾರು 2,000 ಜನ ಕೆಲಸ ಬಿಟ್ಟರು. ಮಾಲೀಕ ಕಿಚಿರೊ ಕೂಡ ಹೊಣೆ ಹೊತ್ತು ರಾಜೀನಾಮೆ ಕೊಟ್ಟ. ಆದರೆ ಉಳಿದವರಿಗೆ ಕಾಯಂ ನೌಕರಿಯ ಭರವಸೆ ಸಿಕ್ಕಿತು. 1962ರಲ್ಲಿ ಕಂಪನಿ ಮತ್ತು ಸಂಘ ಪರಸ್ಪರ ನಂಬಿಕೆಯಿಂದ ನಡೆಯುತ್ತೇವೆ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದವು.

ನನಗೆ ಇದು ತುಂಬ ಮುಖ್ಯ ಅನಿಸುತ್ತದೆ. ಕೆಲಸ ಉಳಿಯುತ್ತದೆ ಎಂಬ ನಂಬಿಕೆ ಇದ್ದದ್ದರಿಂದಲೇ ಅಲ್ಲಿನ ಕಾರ್ಮಿಕರು "ಈ ಹೆಜ್ಜೆ ಬೇಡ, ಹೀಗೆ ಮಾಡಿದರೆ ಬೇಗ ಆಗುತ್ತದೆ" ಎಂದು ತಾವಾಗಿ ಹೇಳತೊಡಗಿದರು. ತನ್ನ ಸಲಹೆಯಿಂದ ತನ್ನದೇ ನೌಕರಿ ಹೋಗುವುದಾದರೆ ಯಾರು ತಾನೇ ಸಲಹೆ ಕೊಡುತ್ತಾರೆ?

ಲೀನ್ ಎಂಬ ಹೆಸರು ಮಾತ್ರ ಜಪಾನಿನದಲ್ಲ. ಟೊಯೊಟಾ ಪದ್ಧತಿಯನ್ನು ಅಧ್ಯಯನ ಮಾಡಿದ ಅಮೆರಿಕದ ಜಾನ್ ಕ್ರಾಫ್ಸಿಕ್ 1988ರಲ್ಲಿ ಈ ಪದ ಬಳಸಿದರು. ಅಲ್ಲಿಂದ ಅದು ಲೋಕವೆಲ್ಲ ಹರಡಿತು.

## ಬೋರ್ಡಿನ ಮೇಲಿನ ಪದಗಳು

ಬೋರ್ಡಿನಲ್ಲಿ ಬರುವ ಜಪಾನಿ ಪದಗಳಿಗೆ ಹೆದರಬೇಕಿಲ್ಲ. ಕಲಬುರಗಿಯ ಒಂದು ಬೇಳೆ ಮಿಲ್ಲಿಗೆ ಹೋಗಿ ನಿಂತರೆ ಎಲ್ಲವೂ ಕಣ್ಣಿಗೇ ಕಾಣುತ್ತವೆ.

ಮುಡಾ ಎಂದರೆ ದಂಡ, ನಷ್ಟ. ಓನೊ ಏಳು ಬಗೆಯ ನಷ್ಟ ಗುರುತಿಸಿದ. ತೊಗರಿಯ ಚೀಲವನ್ನು ಲಾರಿಯಿಂದ ಗೋದಾಮಿಗೆ, ಅಲ್ಲಿಂದ ಅಂಗಳಕ್ಕೆ, ಅಂಗಳದಿಂದ ಮತ್ತೆ ಒಳಗೆ ಹೊರುವುದು ಸಾಗಣೆಯ ನಷ್ಟ. ಆರ್ಡರ್ ಇಲ್ಲದೆ ಒಡೆದು ಪೇರಿಸಿಟ್ಟ ಬೇಳೆ ಅತಿ ಉತ್ಪಾದನೆ, ಅದು ಗೋದಾಮಿನಲ್ಲಿ ಕೂತರೆ ದಾಸ್ತಾನಿನ ನಷ್ಟ. ಕರೆಂಟ್ ಬರುವ ತನಕ, ಇಲ್ಲವೇ ಎಣ್ಣೆ ಸವರಿದ ಕಾಳು ಒಣಗುವ ತನಕ ಕೈ ಕಟ್ಟಿ ಕೂರುವುದು ಕಾಯುವಿಕೆ. ಸೂಜಿ ಒಂದು ಕಡೆ, ದಾರ ಇನ್ನೊಂದು ಕಡೆ ಇದ್ದು ಚೀಲ ಹೊಲಿಯುವವರು ದಿನಕ್ಕೆ ನೂರು ಸಲ ಬಗ್ಗಿ ಏಳುವುದು ಚಲನೆಯ ನಷ್ಟ. ಗಿರಾಕಿ ಕೇಳದಿದ್ದರೂ ಮತ್ತೊಮ್ಮೆ ಪಾಲಿಶ್ ಮಾಡುವುದು ಅತಿ ಸಂಸ್ಕರಣೆ. ಬೇಳೆ ಆಗಬೇಕಾದದ್ದು ನುಚ್ಚಾಗುವುದು ದೋಷ.

ಫೈವ್ ಎಸ್ ಎಂಬುದು ಸ್ವಚ್ಛತೆ ಮತ್ತು ಶಿಸ್ತಿನ ಐದು ಮೆಟ್ಟಿಲು. ಬೇಡದ್ದನ್ನು ತೆಗೆ. ಇದ್ದದ್ದಕ್ಕೆ ಜಾಗ ಗೊತ್ತು ಮಾಡು. ಗುಡಿಸಿ ಒರೆಸು. ಎಲ್ಲರಿಗೂ ಒಂದೇ ರೂಢಿ ಇರಲಿ. ಆ ರೂಢಿ ಬಿಡಬೇಡ. ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರೆ, ಪಾನಾಗಳು ಗೋಡೆಯ ಮೇಲೆ ತಮ್ಮ ತಮ್ಮ ಜಾಗದಲ್ಲಿ ನೇತಾಡುತ್ತಿದ್ದರೆ ಅದು ಇದೇ. ಸಾಮಾನ್ಯವಾಗಿ ಇದಕ್ಕೆ ಯಾರ ವಿರೋಧವೂ ಇರುವುದಿಲ್ಲ. ಬಿದ್ದು ಎದ್ದು ಗಾಯವಾಗುವುದೂ ತಪ್ಪುತ್ತದೆ.

ಕಾನ್‌ಬಾನ್ ಎಂದರೆ ಚೀಟಿ. ನನ್ನ ಕಡೆ ಮುಗಿಯಿತು, ಇನ್ನಷ್ಟು ಕಳಿಸು ಎಂದು ಹಿಂದಿನವರಿಗೆ ಹೋಗುವ ಸೂಚನೆ. ಮದುವೆ ಊಟದ ಪಂಕ್ತಿಯಿಂದ ಖಾಲಿ ಬುಟ್ಟಿ ಅಡುಗೆಯವರ ಕಡೆ ಹೋದರೆ ಅದೂ ಕಾನ್‌ಬಾನ್‌ ಇದ್ದಂತೆಯೇ. ಆಂಡಾನ್ ಎಂದರೆ ತಪ್ಪು ಕಂಡಾಗ ಎಳೆಯುವ ಹಗ್ಗ ಅಥವಾ ಹತ್ತುವ ದೀಪ. ಕೈಜೆನ್ ಎಂದರೆ ದಿನವೂ ಸ್ವಲ್ಪ ಸ್ವಲ್ಪ ಸುಧಾರಣೆ.

ಇನ್ನೊಂದು ಪದಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ: ಟ್ಯಾಕ್ಟ್ ಟೈಮ್. ಟ್ಯಾಕ್ಟ್ ಎಂಬುದು ಜರ್ಮನ್ ಪದ, ಸಂಗೀತದ ತಾಳ ಎಂದರ್ಥ. ಒಂದು ಪಾಳಿ 8 ತಾಸು, ಅಂದರೆ 480 ನಿಮಿಷ ಎಂದುಕೊಳ್ಳಿ. ಊಟಕ್ಕೆ 30 ನಿಮಿಷ, ಎರಡು ಸಲ ಚಹಾಕ್ಕೆ 10 ನಿಮಿಷದಂತೆ 20. ಉಳಿದದ್ದು 430 ನಿಮಿಷ. ಆ ದಿನ 430 ಡಬ್ಬಿ ಬೇಕಿದ್ದರೆ ಒಂದು ಡಬ್ಬಿಗೆ 60 ಸೆಕೆಂಡ್ ಸಿಗುತ್ತದೆ. ಇದೇ ಆ ಲೈನಿನ ತಾಳ. ಗುರಿಯನ್ನು 500 ಡಬ್ಬಿಗೆ ಏರಿಸಿದರೆ ಒಂದಕ್ಕೆ ಸಿಗುವುದು ಸುಮಾರು 52 ಸೆಕೆಂಡ್. 8 ಸೆಕೆಂಡ್ ತಾನೇ ಅನಿಸಬಹುದು. ಆದರೆ ಆ 8 ಸೆಕೆಂಡಿನಲ್ಲೇ ಲೈನಿನಲ್ಲಿ ನಿಂತವನು ಬೆನ್ನು ನೇರ ಮಾಡುತ್ತಿದ್ದ, ಮುಖ ಒರೆಸಿಕೊಳ್ಳುತ್ತಿದ್ದ. ನನ್ನ ಅಣ್ಣನ ಮಗ ಕೇಳಿದ್ದು ಮಂದಿ ತೆಗೆಯುವ ಬಗ್ಗೆ, ಆದರೆ ಈ ಸೆಕೆಂಡುಗಳ ಬಗ್ಗೆಯೂ ಕೇಳಬೇಕು.

## ಸಂಘ ಏನು ಮಾಡುತ್ತದೆ?

ಒಬ್ಬ ಕಾರ್ಮಿಕ ಒಂಟಿಯಾಗಿ ಮ್ಯಾನೇಜರ್ ಮುಂದೆ ನಿಂತರೆ ಅವನ ಮಾತಿಗೆ ತೂಕ ಕಡಿಮೆ. ಅವನು ಹೋದರೆ ಇನ್ನೊಬ್ಬ ಸಿಗುತ್ತಾನೆ. ಎಲ್ಲರೂ ಸೇರಿ ಒಂದೇ ಮಾತು ಹೇಳಿದರೆ ತೂಕ ಬರುತ್ತದೆ. ಕಾರ್ಮಿಕ ಸಂಘದ ಬುನಾದಿ ಇದು. ಪಗಾರ, ಪಾಳಿ, ರಜೆ, ಸುರಕ್ಷತೆ, ಕೆಲಸದ ಹೊರೆ ಇವುಗಳ ಬಗ್ಗೆ ಎಲ್ಲರ ಪರವಾಗಿ ಕೂತು ಮಾತಾಡುವುದು ಅದರ ಕೆಲಸ. ಇದನ್ನು ಸಾಮೂಹಿಕ ಚೌಕಾಸಿ ಎನ್ನುತ್ತಾರೆ.

ನಮ್ಮ ದೇಶದಲ್ಲಿ ಇದರ ಚರಿತ್ರೆಗೆ ನೂರು ವರ್ಷ ದಾಟಿದೆ. 1918ರಲ್ಲಿ ಬಿ.ಪಿ. ವಾಡಿಯಾ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. 1920ರಲ್ಲಿ ಎಐಟಿಯುಸಿ (ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್) ಹುಟ್ಟಿತು, ಲಾಲಾ ಲಜಪತ ರಾಯ್ ಅದರ ಮೊದಲ ಅಧ್ಯಕ್ಷರು. 1926ರ ಕಾನೂನು ಸಂಘಗಳಿಗೆ ನೋಂದಣಿಯ ಹಕ್ಕು ಕೊಟ್ಟಿತು. ನಮ್ಮ ಭಾಗಕ್ಕೂ ಇದು ಹೊಸದಲ್ಲ. ಶಹಾಬಾದ್, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಸುತ್ತ ಬೆಳೆದ ಊರುಗಳಲ್ಲಿ ಸಂಘದ ಚುನಾವಣೆ, ಬೋನಸ್ ಮಾತುಕತೆ ಎಂದರೆ ಮನೆಮನೆಯ ಸುದ್ದಿ. ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ ಮುಚ್ಚಿ ಬಹಳ ವರ್ಷವಾಯಿತು. ಆದರೂ ಆ ಬಡಾವಣೆಯನ್ನು ಇವತ್ತಿಗೂ ಮಿಲ್ಲಿನ ಹೆಸರಿನಿಂದಲೇ ಕರೆಯುತ್ತೇವೆ.

## ಉಳಿದ ನಿಮಿಷ ಎಲ್ಲಿಗೆ ಹೋಗುತ್ತದೆ?

ಒಂದು ಲೈನಿನಲ್ಲಿ ಆರು ಜನ ಇದ್ದಾರೆ ಎಂದುಕೊಳ್ಳಿ. ಮೇಜು ಹತ್ತಿರ ಸರಿಸಿ, ಸಾಮಾನು ಕೈಗೆಟುಕುವಂತೆ ಇಟ್ಟು, ಬೇಡದ ಓಡಾಟ ತೆಗೆದು ಪ್ರತಿಯೊಬ್ಬರಿಗೂ ತಾಸಿಗೆ 10 ನಿಮಿಷ ಉಳಿಸಿದರು. ಒಟ್ಟು 60 ನಿಮಿಷ, ಅಂದರೆ ಒಬ್ಬ ಮನುಷ್ಯನ ಪೂರ್ತಿ ಕೆಲಸ.

ಈ 60 ನಿಮಿಷಕ್ಕೆ ಮೂರು ದಾರಿ ಇವೆ. ಐದು ಜನರಿಂದ ಅದೇ ಕೆಲಸ ಮಾಡಿಸಿ ಆರನೆಯವನನ್ನು ತೆಗೆಯಬಹುದು. ಆರೂ ಜನರನ್ನು ಇಟ್ಟುಕೊಂಡು ಹೆಚ್ಚು ಮಾಲು ತೆಗೆಯಬಹುದು. ಇಲ್ಲವೇ ಕೆಲಸವನ್ನು ಹಗುರ ಮಾಡಬಹುದು: ಸ್ವಲ್ಪ ವಿಶ್ರಾಂತಿ, ಸ್ವಲ್ಪ ತರಬೇತಿ, ಯಂತ್ರದ ಆರೈಕೆ. ನಿಜ ಜೀವನದಲ್ಲಿ ಇವು ಬೆರೆತೇ ಇರುತ್ತವೆ. ಆದರೆ ಯಾವುದು ಎಷ್ಟು ಎಂಬುದನ್ನು ಯಾರು ನಿರ್ಧರಿಸುತ್ತಾರೆ ಎಂಬಲ್ಲಿ ಸಂಘ ಬಾಯಿ ಹಾಕುತ್ತದೆ.

ಮಾಲೀಕರ ಮಾತಿನಲ್ಲೂ ಹುರುಳಿದೆ. ಪಕ್ಕದ ರಾಜ್ಯದ ಮಿಲ್ಲು ಅದೇ ಬೇಳೆಯನ್ನು ಕಡಿಮೆ ಖರ್ಚಿನಲ್ಲಿ ಕೊಟ್ಟರೆ ನಮ್ಮ ಮಿಲ್ಲು ಮುಚ್ಚುತ್ತದೆ, ಆಗ ಆರಕ್ಕೆ ಆರೂ ಜನ ಮನೆಗೆ ಹೋಗುತ್ತಾರೆ ಎನ್ನುತ್ತಾರೆ. ನಷ್ಟ ಕಡಿಮೆಯಾದರೆ ಪಗಾರ ಹೆಚ್ಚಿಸಲು ಜಾಗ ಸಿಗುತ್ತದೆ ಎಂಬುದೂ ನಿಜ. ಸಂಘದವರು ಕೇಳುವುದು ಇಷ್ಟು: ಜಾಗ ಸಿಕ್ಕಿದೆ, ಪಗಾರ ಹೆಚ್ಚಾಗಿದೆಯೇ?

ಇಲ್ಲಿ ಜಪಾನಿನ ಇನ್ನೆರಡು ಪದಗಳು ಬರುತ್ತವೆ. ಬೋರ್ಡಿನ ಮೇಲೆ ಮುಡಾ ಎಂದು ದೊಡ್ಡದಾಗಿ ಬರೆಯುತ್ತಾರೆ, ಇವೆರಡು ಎಷ್ಟೋ ಕಡೆ ಕಾಣುವುದೇ ಇಲ್ಲ. ಮುರಿ ಎಂದರೆ ಮನುಷ್ಯನ ಮೇಲೆ, ಯಂತ್ರದ ಮೇಲೆ ಶಕ್ತಿ ಮೀರಿದ ಹೊರೆ. ಮುರಾ ಎಂದರೆ ಏರುಪೇರು: ಸೋಮವಾರ ಕೆಲಸವಿಲ್ಲ, ಶನಿವಾರ ರಾತ್ರಿ ಹತ್ತರ ತನಕ ಬಿಡುವಿಲ್ಲ ಎನ್ನುವಂಥದ್ದು. ಟೊಯೊಟಾ ಪದ್ಧತಿಯಲ್ಲಿ ಮೂರನ್ನೂ ಒಟ್ಟಿಗೆ ತೆಗೆಯಬೇಕು. ಮುಡಾ ತೆಗೆಯುವ ಹೆಸರಿನಲ್ಲಿ ಮುರಿ ಹೆಚ್ಚಾದರೆ ಅದು ಲೀನ್ ಪದ್ಧತಿಯ ನಿಯಮವನ್ನೇ ಮುರಿದಂತೆ. 50 ಕಿಲೋ ಸಿಮೆಂಟ್ ಚೀಲ ಹೊರುವವನಿಗೆ ಎರಡು ಚೀಲಗಳ ನಡುವೆ ಸಿಗುವ ಅರ್ಧ ನಿಮಿಷವನ್ನು ಕಾಯುವಿಕೆ ಎಂದು ಬರೆದುಕೊಳ್ಳುವುದು ತಪ್ಪು ಲೆಕ್ಕ. ಆ ಅರ್ಧ ನಿಮಿಷ ಅವನ ಬೆನ್ನಿನ ಆರೈಕೆ. ಇದು ನನ್ನ ಅಭಿಪ್ರಾಯ, ಆದರೆ ನಮ್ಮ ಬಿಸಿಲಿನಲ್ಲಿ ಒಂದು ಪಾಳಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ ನೋಡಿ.

## ಬೇರೆ ಕಡೆ ಏನಾಯಿತು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್ ಎಂಬ ಊರಿದೆ. ಅಲ್ಲಿದ್ದ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆಯಲ್ಲಿ ಗೈರುಹಾಜರಿ, ಜಗಳ, ಕಳಪೆ ಮಾಲು ವಿಪರೀತವಾಗಿ 1982ರಲ್ಲಿ ಅದು ಮುಚ್ಚಿತು. 1984ರಲ್ಲಿ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಸೇರಿ ಅದೇ ಕಟ್ಟಡದಲ್ಲಿ ನುಮ್ಮಿ ಎಂಬ ಕಂಪನಿ ಶುರು ಮಾಡಿದವು. ತೆಗೆದುಕೊಂಡವರಲ್ಲಿ ಹೆಚ್ಚಿನವರು ಅದೇ ಹಳೆಯ ಕಾರ್ಮಿಕರು. ಅದೇ ಸಂಘ, ಅಮೆರಿಕದ ವಾಹನ ಕಾರ್ಮಿಕರ ಯುಎಡಬ್ಲ್ಯು. ಪದ್ಧತಿ ಮಾತ್ರ ಲೀನ್. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾರುಗಳ ಗುಣಮಟ್ಟ ಅಮೆರಿಕದ ಉತ್ತಮ ಕಾರ್ಖಾನೆಗಳ ಸಾಲಿಗೆ ಬಂತು.

ಇದು ಹೇಗಾಯಿತು? ಯಾವುದೇ ಕಾರ್ಮಿಕ ಹಗ್ಗ ಎಳೆದು ಲೈನ್ ನಿಲ್ಲಿಸಬಹುದಿತ್ತು, ಅದಕ್ಕೆ ಬೈಗುಳ ಇರಲಿಲ್ಲ. ಒಪ್ಪಂದದಲ್ಲಿ ಇನ್ನೊಂದು ಮಾತೂ ಇತ್ತು. ಕಂಪನಿಯ ಉಳಿವಿಗೇ ಕುತ್ತು ಬಂದ ಹೊರತು ಯಾರನ್ನೂ ತೆಗೆಯುವಂತಿಲ್ಲ. ಅಂಥ ಹೊತ್ತು ಬಂದರೂ ಮೊದಲು ಮ್ಯಾನೇಜರ್‌ಗಳ ಸಂಬಳ ಕಡಿತವಾಗಬೇಕು, ಹೊರಗೆ ಕೊಟ್ಟ ಕೆಲಸ ಒಳಗೆ ಬರಬೇಕು. 1988ರ ಹೊತ್ತಿಗೆ ಕಾರು ಮಾರಾಟ ತೀರಾ ಕುಸಿಯಿತು. ಆದರೂ ಯಾರನ್ನೂ ತೆಗೆಯಲಿಲ್ಲ. ಕೆಲಸವಿಲ್ಲದವರನ್ನು ತರಬೇತಿಗೆ, ಕೈಜೆನ್ ಕೆಲಸಕ್ಕೆ ಹಾಕಿದರು. ಬರೆದ ಮಾತು ಉಳಿಯಿತು.

ಆದರೆ ಅದೇ ನುಮ್ಮಿಯಲ್ಲಿ ಕೆಲಸದ ವೇಗ ತುಂಬ ಜಾಸ್ತಿ. ಹಳೆಯ ಕಾರ್ಖಾನೆಯಲ್ಲಿ ಒಂದು ನಿಮಿಷದಲ್ಲಿ ಸುಮಾರು 45 ಸೆಕೆಂಡ್ ಕೈ ಆಡಿದರೆ ಇಲ್ಲಿ 57 ಸೆಕೆಂಡಿನವರೆಗೂ ಆಡುತ್ತಿತ್ತು. ಇದನ್ನು ಒತ್ತಡದ ಮೂಲಕ ಆಳುವ ಪದ್ಧತಿ ಎಂದು ಕಾರ್ಮಿಕರ ಪರವಾಗಿ ಬರೆಯುವವರು ಟೀಕಿಸಿದರು. 1993ರ ಹೊಸ ಕಾರು ಮಾದರಿ ಬಂದ ಹೊತ್ತಿನಲ್ಲಿ ಕೈ, ಭುಜದ ನೋವಿನ ದೂರುಗಳು ಹೆಚ್ಚಾಗಿ ಅಲ್ಲಿನ ಸುರಕ್ಷತಾ ಇಲಾಖೆ ಕಂಪನಿಗೆ ನೋಟಿಸ್ ಕೊಟ್ಟಿತು. ಒಂದೇ ಕಾರ್ಖಾನೆಯಲ್ಲಿ ಎರಡೂ ನಿಜ: ನೌಕರಿ ಭದ್ರವಾಗಿತ್ತು, ಮೈ ದಣಿಯುತ್ತಿತ್ತು. 2010ರಲ್ಲಿ ನುಮ್ಮಿ ಮುಚ್ಚಿತು. ಈಗ ಆ ಕಟ್ಟಡದಲ್ಲಿ ಟೆಸ್ಲಾ ಇದೆ.

ಕೆನಡಾದ ಕ್ಯಾಮಿ ಎಂಬ ಕಾರ್ಖಾನೆ ಕೂಡ ಲೀನ್ ಪದ್ಧತಿಯಲ್ಲೇ ಶುರುವಾದದ್ದು. 1992ರಲ್ಲಿ ಅಲ್ಲಿ ಐದು ವಾರ ಮುಷ್ಕರ ನಡೆಯಿತು. ಕೆಲಸದ ಹೊರೆ ಅದರ ಮುಖ್ಯ ವಿಷಯಗಳಲ್ಲಿ ಒಂದು. ನಮ್ಮದೇ ರಾಜ್ಯದ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ಮುಷ್ಕರ, ಲಾಕ್‌ಔಟ್ (ಕಂಪನಿಯೇ ಗೇಟು ಮುಚ್ಚುವುದು) ಎರಡೂ ಆಗಿ ತಿಂಗಳುಗಟ್ಟಲೆ ಬಿಕ್ಕಟ್ಟು ನಡೆಯಿತು. ಅಲ್ಲೂ ಸಂಘದ ದೂರಿನಲ್ಲಿ ಕೆಲಸದ ಹೊರೆ ಇತ್ತು. ಕಂಪನಿ ಧರಣಿಯನ್ನೇ ಕಾನೂನುಬಾಹಿರ ಎಂದಿತು.

## ಕಾನೂನಿನಲ್ಲಿ ಏನಿದೆ?

ಸಂಘದ ಮೀಟಿಂಗಿಗೆ ಹೋಗುವ ಮೊದಲು ಇವಿಷ್ಟು ಗೊತ್ತಿದ್ದರೆ ಒಳ್ಳೆಯದು. ಆ ನಾಲ್ಕು ಹೊಸ ಸಂಹಿತೆಗಳಲ್ಲಿ ಒಂದಾದ ಕೈಗಾರಿಕಾ ಸಂಬಂಧಗಳ ಸಂಹಿತೆ 1926ರ ಸಂಘದ ಕಾನೂನು, 1946ರ ಸ್ಥಾಯಿ ಆದೇಶಗಳ (ಕಾರ್ಖಾನೆಯ ನೌಕರಿ ನಿಯಮಗಳ) ಕಾನೂನು, 1947ರ ವಿವಾದಗಳ ಕಾನೂನು ಮೂರನ್ನೂ ಒಂದಾಗಿಸಿದೆ.

ಈ ಸಂಹಿತೆಯಲ್ಲಿ ಲೀನ್ ಪದ್ಧತಿಗೆ ನೇರವಾಗಿ ಸಂಬಂಧಿಸಿದ್ದು 21 ದಿನದ ನೋಟಿಸ್. ಕೆಲಸದ ಅವಧಿ, ವಿಶ್ರಾಂತಿಯ ಸಮಯ, ಪಾಳಿ ಇಂಥ ಷರತ್ತುಗಳನ್ನು ಬದಲಾಯಿಸುವ ಮೊದಲು ಮಾಲೀಕರು ಕಾರ್ಮಿಕರಿಗೆ ನೋಟಿಸ್ ಕೊಡಬೇಕು, 21 ದಿನ ಕಾಯಬೇಕು. ಕೆಲಸಗಾರರ ಕಡಿತಕ್ಕೆ ದಾರಿಯಾಗಬಹುದಾದ ಯಂತ್ರದ ಅಥವಾ ವಿಧಾನದ ಸುಧಾರಣೆಯೂ ಆ ಪಟ್ಟಿಯಲ್ಲಿದೆ. ಹಳೆಯ ಕಾನೂನಿನಲ್ಲೂ ಇದು ಇತ್ತು, ಆದರೆ ಬಹಳ ಜನರಿಗೆ ಗೊತ್ತಿರಲಿಲ್ಲ. ಗೋಡೆಗೆ ಪೋಸ್ಟರ್ ಅಂಟಿಸಲು ನೋಟಿಸ್ ಬೇಕಿಲ್ಲ. ಚಹಾದ ಬಿಡುವು ಕಡಿಮೆ ಮಾಡಲು ಬೇಕು.

20 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಸಮಸಮ ಇರಬೇಕು. ಒಂದೇ ಕಡೆ ಹಲವು ಸಂಘಗಳಿದ್ದರೆ ಶೇಕಡ 51 ಕಾರ್ಮಿಕರ ಬೆಂಬಲ ಇರುವ ಸಂಘ ಮಾತುಕತೆಗೆ ಕೂರುತ್ತದೆ. ಯಾರಿಗೂ ಅಷ್ಟಿಲ್ಲದಿದ್ದರೆ ತಲಾ ಶೇಕಡ 20ರಷ್ಟಾದರೂ ಬೆಂಬಲ ಇರುವ ಸಂಘಗಳ ಮಂಡಳಿ ಕೂರುತ್ತದೆ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಅರ್ಧದಷ್ಟು ಕಾರ್ಮಿಕರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ ಆಗುತ್ತದೆ. ಇದು ಹೊಸ ನಿಯಮ, ಎಚ್ಚರವಿರಲಿ.

ಹೆಚ್ಚುವರಿ ಎಂದು ಒಬ್ಬರನ್ನು ತೆಗೆಯುವುದಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಪಗಾರ, ಜೊತೆಗೆ ಮುಗಿಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ಕನಿಷ್ಠ ಒಂದು ವರ್ಷ ಸತತವಾಗಿ ದುಡಿದವರಿಗೆ ಇದು ಅನ್ವಯಿಸುತ್ತದೆ. 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಸರ್ಕಾರದ ಅನುಮತಿಯನ್ನೂ ಪಡೆಯಬೇಕು. ಮೊದಲು ಈ ಮಿತಿ 100 ಇತ್ತು. ನಮ್ಮ ಜಿಲ್ಲೆಗಳ ಎಷ್ಟೋ ಮಧ್ಯಮ ಗಾತ್ರದ ಕಾರ್ಖಾನೆಗಳಿಗೆ ಈ ಬದಲಾವಣೆಯಿಂದ ವ್ಯತ್ಯಾಸವಾಗುತ್ತದೆ. ಓವರ್‌ಟೈಮ್‌ಗೆ ಮಾತ್ರ ಮೊದಲಿನಂತೆಯೇ ಎರಡು ಪಟ್ಟು ಕೂಲಿ.

## ಗುತ್ತಿಗೆಯವರು ಮತ್ತು ಸಣ್ಣ ಮಿಲ್ಲುಗಳು

ಇಲ್ಲಿಯವರೆಗೆ ಹೇಳಿದ್ದು ಕಾಯಂ ಕಾರ್ಮಿಕರಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಬೀದರಿನ ಕೊಳಾರ, ಹುಮನಾಬಾದ್, ಕಲಬುರಗಿಯ ಕಪನೂರು, ಎಲ್ಲೇ ಹೋಗಿ ಗೇಟಿನ ಮುಂದೆ ನಿಂತು ನೋಡಿ. ಒಳಗೆ ಹೋಗುವವರಲ್ಲಿ ಬಹಳ ಜನ ಠೇಕೇದಾರರ ಕಡೆಯಿಂದ ಬಂದವರು. ಲೀನ್ ಪದ್ಧತಿಯಲ್ಲಿ ಬೇಕಾದಾಗ ಬೇಕಾದಷ್ಟು ಎಂಬ ಸೂತ್ರವಿದೆ, ಅಲ್ವಾ? ಅದನ್ನು ಸಾಮಾನಿಗೆ ಹಚ್ಚುವುದು ಒಂದು, ಮನುಷ್ಯರಿಗೆ ಹಚ್ಚುವುದು ಇನ್ನೊಂದು. ಬೇಕಾದಾಗ ಕರೆದು, ಬೇಡವಾದಾಗ "ನಾಳೆ ಬರಬೇಡ" ಎಂದರೆ ಮುರಾ ಕಾರ್ಖಾನೆಯಿಂದ ಹೊರಟು ಆ ಮನೆಯ ಒಲೆಗೆ ಬಂದು ಕೂರುತ್ತದೆ.

ಕಾನೂನಿನಲ್ಲಿ ಇವರಿಗೆ ಒಂದು ಆಸರೆ ಇದೆ. ಠೇಕೇದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕು. ಗುತ್ತಿಗೆ ಕಾರ್ಮಿಕರೂ ಸಂಘದ ಸದಸ್ಯರಾಗಬಹುದು. ಕಾಯಂ ಕಾರ್ಮಿಕರ ಸಂಘಗಳು ಇವರನ್ನು ಸೇರಿಸಿಕೊಳ್ಳದೇ ಹೋದಲ್ಲೆಲ್ಲ ಹೊರೆ ಮೇಲಿನವರಿಂದ ಕೆಳಗಿನವರ ಹೆಗಲಿಗೆ ಜಾರುತ್ತದೆ. ಈ ಮಾತು ಕೆಲವು ಸಂಘದ ಗೆಳೆಯರಿಗೆ ಇಷ್ಟವಾಗದಿರಬಹುದು, ಆದರೂ ಹೇಳಲೇಬೇಕು.

ಸಣ್ಣ ಬೇಳೆ ಮಿಲ್ಲಿನ ಪರಿಸ್ಥಿತಿಯೇ ಬೇರೆ. ಅಲ್ಲಿ ಹತ್ತು ಹದಿನೈದು ಜನ. ಮಾಲೀಕರೂ ಅಲ್ಲೇ ಕೂತಿರುತ್ತಾರೆ. ಕುಂದುಕೊರತೆ ಸಮಿತಿ ಇರಬೇಕೆಂಬ ನಿಯಮ ಅಲ್ಲಿಗೆ ತಲುಪುವುದಿಲ್ಲ. ಆದರೆ ಒಂದು ಉದ್ದಿಮೆಯ ಹಲವು ಕಡೆ ದುಡಿಯುವವರು ಸೇರಿ ಸಂಘ ಕಟ್ಟಬಹುದು. ಎಪಿಎಂಸಿಯ ಹಮಾಲರು ಬೇರೆ ಬೇರೆ ಅಡತಿ ಅಂಗಡಿಗಳಲ್ಲಿ ದುಡಿದರೂ ಒಂದು ಸಂಘದಲ್ಲಿ ಇರುತ್ತಾರಲ್ಲ, ಹಾಗೆ.

## ಮೀಟಿಂಗಿನಲ್ಲಿ ಏನು ಕೇಳಬೇಕು?

ಅಣ್ಣನ ಮಗನಿಗೆ ನಾನು ಹೇಳಿದ್ದು: ಮೀಟಿಂಗಿಗೆ ಹೋಗು, ಬೋರ್ಡ್ ಹಾಕಿದವರ ತರಬೇತಿಗೂ ಹೋಗು. ಎರಡೂ ಕಡೆ ಇವೇ ಪ್ರಶ್ನೆಗಳನ್ನು ಕೇಳು. ಈ ಪದ್ಧತಿಯಿಂದ ಉಳಿಯುವ ಸಮಯಕ್ಕೆ ಏನು ಮಾಡುತ್ತೀರಿ? ನಮ್ಮ ಸಲಹೆಯಿಂದ ಯಾರ ನೌಕರಿಯೂ ಹೋಗುವುದಿಲ್ಲ ಎಂದು ಬರೆದು ಕೊಡುತ್ತೀರಾ? ಲೈನಿನ ವೇಗ ಏರಿಸುವಾಗ ಅಲ್ಲಿ ನಿಲ್ಲುವವರನ್ನು ಕೇಳುತ್ತೀರಾ? ತಪ್ಪು ಕಂಡು ಲೈನ್ ನಿಲ್ಲಿಸಿದವನಿಗೆ ಮೆಮೊ ಬರುತ್ತದೆಯೇ, ಶಾಭಾಸ್ ಸಿಗುತ್ತದೆಯೇ? ಬೇರೆ ಏನೂ ತಿಳಿಯದಿದ್ದರೂ ಈ ಕೊನೆಯ ಪ್ರಶ್ನೆಯ ಉತ್ತರದಿಂದ ಅಲ್ಲಿ ನಿಜವಾದ ಲೀನ್ ಬಂದಿದೆಯೋ, ಬರೀ ಬೋರ್ಡ್ ಬಂದಿದೆಯೋ ಗೊತ್ತಾಗುತ್ತದೆ.

ಇನ್ನೊಂದು ಕೆಲಸವನ್ನೂ ಹೇಳಿದೆ. ಸುಮ್ನೆ ಕೆಲಸ ಜಾಸ್ತಿ ಆಯಿತು ಎಂದರೆ ಯಾರೂ ಕೇಳುವುದಿಲ್ಲ. ಲೀನ್ ಕಲಿಸುವವರು ಗಡಿಯಾರ ಹಿಡಿದು ಬರುತ್ತಾರೆ, ಅವರಿಗೆ ಅಂಕಿಯ ಭಾಷೆ ಅರ್ಥವಾಗುತ್ತದೆ. ಒಂದು ವಾರ ನೀನೂ ಬರೆದಿಡು. ಪಾಳಿಯಲ್ಲಿ ಎಷ್ಟು ಡಬ್ಬಿ, ಒಂದಕ್ಕೆ ಎಷ್ಟು ಸೆಕೆಂಡ್, ಎಷ್ಟು ಸಲ ಸಾಮಾನು ಬರದೆ ನಿಂತಿರಿ, ನೀರು ಕುಡಿಯಲು ಎಷ್ಟು ಸಲ ಹೋದಿರಿ, ಸಂಜೆ ಎಲ್ಲಿ ನೋವು. ಅದನ್ನು ಸಂಘಕ್ಕೂ ಕೊಡು, ಸೂಪರ್‌ವೈಸರ್‌ಗೂ ತೋರಿಸು.

ನಿನ್ನೆ ರಾತ್ರಿ ಅವನು ಒಂದು ಫೋಟೊ ಕಳಿಸಿದ್ದಾನೆ. ನೋಟ್‌ಬುಕ್ಕಿನ ಒಂದು ಹಾಳೆ, ಮೂರು ದಿನದ ಲೆಕ್ಕ. ಡಬ್ಬಿಗೆ 58 ಸೆಕೆಂಡ್. ಖಾಲಿ ರಟ್ಟಿನ ಪೆಟ್ಟಿಗೆ ಬರದೆ ದಿನಕ್ಕೆ ಸುಮಾರು 25 ನಿಮಿಷ ಇಡೀ ಲೈನ್ ನಿಂತಿದೆ. ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದಾನೆ: "ಕಾಕಾ, ಪೆಟ್ಟಿಗಿ ಟೈಮಿಗಿ ಬಂದ್ರ ನಾವು ಓಡೋದೇ ಬ್ಯಾಡ. ಇದು ಮೀಟಿಂಗ್ನ್ಯಾಗ ಹೇಳ್ತೀನಿ."